ಅಗಸಿಯಾಚೆಯ ಇಟಲಿ

ನಮ್ಮ ಕುರನೂರಿನಿಂದ ವ್ಯಾಪಾರಕ್ಕೆಂದು ಇಟಲಿ ದೇಶಕ್ಕೆ ಹೋದವನು ಇಂದಿನವರೆಗೆ ಒಬ್ಬನೇ: ಕಂಬಳಿ ನೇಯುವ ಹಣಮಂತಪ್ಪ. ಅವನು ಹೋದದ್ದು ನಿಜವೆಂದು ಬೀರೋಬಾ ದೇವರು ಒಪ್ಪಿದರು. ಸರಕಾರವೂ ಕಾಗದದ ಮೇಲೆ ಒಪ್ಪಿಕೊಂಡಿತು. ಪೂರ್ತಿ ಒಪ್ಪದೆ ಉಳಿದವನು ಹಣಮಂತಪ್ಪ ಮಾತ್ರ. ಪಾಸ್‌ಪೋರ್ಟಿನ ಅರ್ಜಿ ಬರೆದುಕೊಟ್ಟವನು ಊರ ಸಾಲಿ ಮಾಸ್ತರನಾದ ನಾನೇ ಆದ್ದರಿಂದ ಈ ಪಾಪದಲ್ಲಿ ನನಗೂ ಪಾಲಿದೆ. ಆದರೆ ಅರ್ಜಿಯಲ್ಲಿ ಒಂದೂ ತಪ್ಪಿರಲಿಲ್ಲ, ಅಕ್ಷರ ದುಂಡಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನ ಕಡೆ ಬೆರಳು ತೋರಿಸಬಾರದು.

ಇದು ಐವತ್ತೈದನೇ ಇಸವಿಯ ದೀಪಾವಳಿ ಮುಗಿದ ಹೊಸತರಲ್ಲಿನ ಮಾತು. ಹಣಮಂತಪ್ಪನ ಮನೆಯ ಮುಂದಿನ ಕೋಣೆಯಲ್ಲಿ ಸೊಂಟದಾಳದ ಒಂದು ಮಗ್ಗದ ಕುಣಿ ಇತ್ತು. ಅದರಲ್ಲಿ ಕಾಲು ಇಳಿಬಿಟ್ಟು ಕುಳಿತು ಅವನ ಅಜ್ಜ ನೇಯ್ದಿದ್ದ, ಅಪ್ಪ ನೇಯ್ದಿದ್ದ, ಈಗ ಅವನು ನೇಯುತ್ತಿದ್ದ. ಕುರಿಯ ಕರಿ ಉಣ್ಣೆ, ಹುಣಸೆಬೀಜದ ಗಂಜಿ, ಮೇಲೆ ಹಣಮಂತಪ್ಪನ ಹಟ, ಈ ಮೂರೂ ಸೇರಿದ ಕಂಬಳಿಗೆ ಮಳೆ ಇಳಿಯುತ್ತಿರಲಿಲ್ಲ, ಮುಳ್ಳು ಚುಚ್ಚುತ್ತಿರಲಿಲ್ಲ. ಅದರ ದೋಷವೂ ಅದೇ. ಒಮ್ಮೆ ಕೊಂಡವನು ಇಪ್ಪತ್ತು ವರ್ಷ ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಅಷ್ಟರಲ್ಲಿ ಸೋಲಾಪುರದ ಗಿರಣಿಗಳು ಬಣ್ಣಬಣ್ಣದ ಚಾದರಗಳನ್ನು ಹೊರಹಾಕಿದವು. ಆ ವರ್ಷ ಹಣಮಂತಪ್ಪನ ಮೂಲೆಯಲ್ಲಿ ನಲವತ್ತು ಕಂಬಳಿ ಮಾರಾಟವಾಗದೆ ಅಟ್ಟಿಯಾಗಿ ಬಿದ್ದವು.

ಅಳಿಯ ಖಂಡಪ್ಪ ಅಂಥದೇ ಗಿರಣಿಯೊಂದರಲ್ಲಿ ಕೆಲಸದಲ್ಲಿದ್ದ. ಪ್ರತಿ ಆದಿತ್ಯವಾರ ಇಸ್ತ್ರಿ ಮಾಡಿದ ಪಾಯಿಜಾಮಾ ಹಾಕಿಕೊಂಡು ಬರುತ್ತಿದ್ದ, ಬಂದಾಗಲೆಲ್ಲ ಕುಣಿಯ ಕಡೆ ನೋಡಿ ಲೊಚಗುಟ್ಟುತ್ತಿದ್ದ.

"ಮಾವಾ, ಮನ್ಯಾಗ ಕಾಲ ಮುರಿಯೂವಂಥಾ ಕುಣಿ ಯಾಕ ಇಟಗೊಂಡೀರಿ? ಮುಚ್ಚಿಬಿಡ್ರಿ. ಛಲೋ ಮಂಚ ಹಾಕೂಣು, ಮ್ಯಾಲ ಒಂದ ರೇಡಿಯೋ ಇಡೂಣು."

ಒಂದು ಆದಿತ್ಯವಾರ ಹಣಮಂತಪ್ಪನಿಗೆ ಸಿಟ್ಟು ನೆತ್ತಿಗೇರಿತು. ನಾಲ್ಕು ಜನರ ಮುಂದೆ ಬಾಯಿ ಬಿಟ್ಟ: "ಬರೂ ಶಿವರಾತ್ರಿ ತನಕಾ ಈ ಅಟ್ಟಿ ಕರಗಲಿಲ್ಲಂದ್ರ ನಾನ ಬುಟ್ಟೀಲೆ ಮಣ್ಣ ಹೊತ್ತ ಈ ಕುಣಿ ಮುಚ್ಚತೀನಿ. ಆಮ್ಯಾಲ ಮಂಚರೆ ಹಾಕು, ರೇಡಿಯೋರೆ ಹಾಕು!"

ಮಾತು ಆಡಿದ ಮೇಲೆ ಅವನ ಮುಖ ಸಣ್ಣದಾಯಿತು. ಹೆಂಡತಿ ಜನಾಬಾಯಿ ಎರಡು ದಿನ ಅವನೊಂದಿಗೆ ಮಾತಾಡಲಿಲ್ಲ. ಆ ಕುಣಿಯ ಮೇಲೆ ಅವನಿಗೆ ಎಷ್ಟು ಜೀವ ಎಂಬುದು ಅವಳಿಗೆ ಗೊತ್ತಿತ್ತು.

ಅದೇ ವಾರ ಅಕ್ಕಲಕೋಟೆಯ ಸಂತೆಯ ದಿನ ಹಣಮಂತಪ್ಪ ಎರಡು ಕಂಬಳಿ ಹೊತ್ತು ಸಾತಲಿಂಗಪ್ಪನ ಅರಿವೆ ಅಂಗಡಿಗೆ ಹೋದ. ಅಲ್ಲಿ ಮುಂಬಯಿಯಿಂದ ಬಂದ ಒಬ್ಬ ದಪ್ಪನೆಯ ಶೇಠ ಕುಳಿತಿದ್ದ. ನಮ್ಮ ದೇಶದ ಸಾಮಾನು ಹೊರದೇಶಕ್ಕೆ ಕಳಿಸುವುದು ಅವನ ವ್ಯಾಪಾರ. ಅವನ ಕೈಯಲ್ಲಿದ್ದ ಪತ್ರಿಕೆಯಲ್ಲಿ ಒಂದು ಚಿತ್ರ: ಬೆಳ್ಳಗಿನ ಗುಡ್ಡ, ಕಾಲಿಗೆ ಹಲಗೆ ಕಟ್ಟಿಕೊಂಡು ಅದರಿಂದ ಕೆಳಗೆ ಬರುತ್ತಿರುವ ಮನುಷ್ಯರು.

"ಏನ್ರಿ ಸಾವಕಾರ್ರ, ಈ ಮಂದಿ ಯಾಕ ಬೀಳಾಕತ್ತಾರ?" ಎಂದು ಹಣಮಂತಪ್ಪ ಕೇಳಿದ.

"ಬೀಳಾಕತ್ತಿಲ್ಲೋ, ಆಡಾಕತ್ತಾರ. ಸಂಕ್ರಾಂತಿ ಮುಗದ ಮ್ಯಾಲ ಇಟಲಿ ದೇಶದಾಗ ಬರ್ಫದ ಆಟ ಅದಾವ. ಜಗತ್ತಿನ ಮಂದಿಯೆಲ್ಲಾ ಬಂದ ಜಾರತಾರ."

"ಯಾಕ?"

ಸಾತಲಿಂಗಪ್ಪ ಶೇಠನನ್ನು ಕೇಳಿ ಹೇಳಿದ: "ಮೊದಲ ಯಾರ ಕೆಳಗ ಮುಟ್ಟತಾರ ನೋಡಾಕಂತ."

"ಕೆಳಗ ಏನೈತಿ?"

"ಏನೂ ಇಲ್ಲಂತ."

ಹಣಮಂತಪ್ಪ ಆ ಹುಚ್ಚರನ್ನು ಬಿಟ್ಟು ಚಿತ್ರದ ಮೂಲೆಗೆ ಕಣ್ಣು ಹಾಯಿಸಿದ. ಅಲ್ಲಿ ಸಾವಿರಾರು ಜನ ಸಾಲುಸಾಲಾಗಿ ಕುಳಿತಿದ್ದರು. "ಇವರ್ಯಾರ್ರಿ?"

"ನೋಡಾಕ ಬಂದಾವರು."

"ಎಷ್ಟೊತ್ತ ಕುಂದರತಾರ?"

"ದಿನಾಪೂರ್ತಿ."

"ಮ್ಯಾಲ ಕೋಟ ಹಾಕ್ಯಾರ, ಖರೆ. ಬರ್ಫದ ಮ್ಯಾಲ ದಿನಾಪೂರ್ತಿ ಕುಂದ್ರಾವರ ಕುಂಡಿ ಕೆಳಗ ಏನೈತಿ?"

ಸಾತಲಿಂಗಪ್ಪ ನಗುತ್ತಲೇ ಅದನ್ನು ಶೇಠನಿಗೆ ಮರಾಠಿಯಲ್ಲಿ ಹೇಳಿದ. ಶೇಠನೂ ನಕ್ಕ. ಅರ್ಧ ನಗುವಿಗೇ ನಿಲ್ಲಿಸಿ ಹಣಮಂತಪ್ಪನ ಕಂಬಳಿಯನ್ನು ಮಡಚಿ ಕೆಳಗೆ ಹಾಕಿ ಅದರ ಮೇಲೆ ಕುಳಿತ. ಒಂದು ಗಳಿಗೆ ಕಣ್ಣು ಮುಚ್ಚಿದ. ಎದ್ದು ಹೇಳಿದ ಮಾತಿನ ಸಾರಾಂಶ ಇಷ್ಟು: ಜನವರಿಯಲ್ಲಿ ಹಡಗು ಹೊರಡುತ್ತದೆ, ನಲವತ್ತೂ ಕಂಬಳಿ ತಗೊಂಡು ಬಾ, ಟಿಕೀಟು ನಮ್ಮದು, ಪಾಸ್‌ಪೋರ್ಟು ನಿನ್ನದು.

ಬೇರೆಯವನಾಗಿದ್ದರೆ ಪಾಸ್‌ಪೋರ್ಟು ಕೈಗೆ ಬರುವ ತನಕ ಸುಮ್ಮನಿರುತ್ತಿದ್ದ. ಹಣಮಂತಪ್ಪ ಸಂತೆಯಿಂದ ಬರುವ ಬಂಡಿಯಲ್ಲೇ ಎಲ್ಲರಿಗೂ ಹೇಳಿದ. ಮನೆಯಲ್ಲಿ ಅಂದು ರಜೆ ಹಾಕಿ ಬಂದ ಖಂಡಪ್ಪನಿದ್ದ. ಅವನ ಮುಂದೆ ರುಮಾಲು ಬಿಚ್ಚುತ್ತ, ಹತ್ತಿರದ ಹೋಟಗಿಗೆ ಹೋಗಿಬರುವವನ ಧಾಟಿಯಲ್ಲಿ, "ಒಂದ ನಾಕ ದಿನಾ ಇಟಲಿಗಿ ಹೋಗಿ ಬರಬೇಕಾಗೇದ. ವ್ಯಾಪಾರದ ಕೆಲಸ," ಎಂದ. ಖಂಡಪ್ಪ ಬಾಯಿಗೆ ಎತ್ತಿದ್ದ ಚಹಾದ ಬಸಿ ಅಲ್ಲೇ ನಿಂತಿತು.

ಅರ್ಜಿಯನ್ನು ಬರೆದೆ. ಅಕ್ಕಲಕೋಟೆಯಲ್ಲಿ ಫೋಟೋ ತೆಗೆಸಿದೆವು. ಅದನ್ನೆಲ್ಲ ಲಕೋಟೆಗೆ ಹಾಕಿ ಟಪಾಲಿಗೆ ಕೊಡಬೇಕು ಎನ್ನುವಾಗ ಬೀರೋಬಾನ ಪೂಜಾರಿ ಮರೆಪ್ಪ ಕೋಲು ಊರಿಕೊಂಡು ಬಂದ. ಎಂಬತ್ತು ವರ್ಷದ ಮುದುಕ, ಕುರುಬರ ಓಣಿಯಲ್ಲಿ ಅವನ ಮಾತೇ ಕಾಯದೆ.

"ಮಾಸ್ತರ್ರ, ಲಕೋಟಿಯೊಳಗ ಏನ ಹಾಕಿದ್ರಿ?"

"ಹಣಮಂತಪ್ಪನ ಫೋಟೋ."

"ಅಂದ್ರ ಅವನ ಮುಖ. ಮುಖ ಊರ ಬಿಟ್ಟ ಹೋದ ಮ್ಯಾಲ ಮನಷ್ಯಾನ ಹೋದಂಗ. ಭಂಡಾರ ಹಚ್ಚದ ಮುಖ ಕಳಸ್ತೀರೇನು?"

ಇಲ್ಲಿ ನಮ್ಮೂರ ಕುರುಬರ ಒಂದು ಪದ್ಧತಿ ಹೇಳಬೇಕು. ಕುರಿ ಹೊಡೆದುಕೊಂಡು ದೂರ ದೇಶಕ್ಕೆ ಹೊರಡುವವನ ಹಣೆಗೆ ಪೂಜಾರಿ ಬೀರೋಬಾನ ಭಂಡಾರ, ಅಂದರೆ ಅರಿಶಿನದ ಪುಡಿ, ಹಚ್ಚಿ ಕಳಿಸುತ್ತಾನೆ. ಆ ಮೇಲೆ ಹೋದ ಕೆಲಸ ಮುಗಿಯುವ ತನಕ ಅವನು ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಯಾರಾದರೂ ಕೇಳಿದರೆ ಮನೆಯವರೂ ಊರವರೂ "ಹೋಗ್ಯಾನ" ಎಂದೇ ಹೇಳಬೇಕು. ಇಲ್ಲೇ ಇದ್ದಾನೆ ಎಂದರೆ ದೇವರು ಮುಂದೆ ನಡೆದ ದಾರಿಯಿಂದ ಅವನನ್ನು ಹಿಂದಕ್ಕೆ ಎಳೆದಂತೆ, ಕೆಲಸ ಕೆಟ್ಟಂತೆ. ಕುರಿಗೆ ಇದು ಸರಿಯಾದ ಕಾನೂನು. ಪಾಸ್‌ಪೋರ್ಟು ಬರಲು ಮೂರು ತಿಂಗಳು ಬೇಕು ಎಂಬುದು ಕಾನೂನು ಮಾಡಿದ ಹಿರಿಯರಿಗೆ ತಿಳಿದಿರಲಿಲ್ಲ.

ಹಲಗೆ ಬಾರಿಸಿದರು. ಜನಾಬಾಯಿ ಆರತಿ ಎತ್ತಿದಳು. ಮರೆಪ್ಪ ಅವನ ಹಣೆಗೆ ಭಂಡಾರ ಹಚ್ಚಿ, "ಕಂಬಳಿ ಮಾರಿಕೊಂಡ ಬಾ ಮಗನ" ಎಂದು, ಗುಡಿಯ ಮುಂದೆ ಹಿಡಿ ಭಂಡಾರ ಹಾರಿಸಿ, "ಬೀರೋಬಾನ ಹೆಸರಲೆ ಚಾಂಗಭಲೋ!" ಎಂದು ಕೂಗಿದ. ಊರೆಲ್ಲ ಕೂಗಿತು, ನಾನೂ ಕೂಗಿದೆ. ಹಳದಿ ಮುಖದ ಹಣಮಂತಪ್ಪ ಎಲ್ಲರ ಕಾಲಿಗೆ ಬಿದ್ದು, ಊರ ಹೆಬ್ಬಾಗಿಲಾದ ಅಗಸಿ ದಾಟಿ, ಅಲ್ಲಿ ನಿಂತಿದ್ದ ಟಪಾಲಿನವನ ಚೀಲಕ್ಕೆ ಲಕೋಟೆ ಹಾಕಿದ. ಹಾಕಿ ಕೈ ಕೊಡವಿಕೊಂಡು ಹಿಂದಕ್ಕೆ ಹೊರಟ. ಮರೆಪ್ಪ ಅಗಸಿಗೆ ಕೋಲು ಅಡ್ಡ ಹಿಡಿದ.

"ಎಲ್ಲಿಗಿ?"

"ಮನಿಗಿ, ಕಾಕಾ. ಹೊಟ್ಟಿ ಹಸದೇದ."

"ಇಟಲಿಗಿ ಹೊಂಟಾಂವ ಊಟಕ್ಕ ಮನಿಗಿ ಬರತಾನೇನು?"

"ಇನ್ನಾ ಪಾಸ್‌ಪೋರ್ಟ ಬಂದಿಲ್ಲ..."

"ಅದು ಸರಕಾರದ ಮಾತು. ನೀ ದೇವರ ಕಡಿಂದ ಹೋಗೀದಿ. ಹೋಗು."

ಅಂದಿನಿಂದ ಹಣಮಂತಪ್ಪ ಅಗಸಿಯಿಂದ ನೂರು ಹೆಜ್ಜೆ ಆಚೆಗಿದ್ದ ಕುರಿ ದಡ್ಡಿಯಲ್ಲಿ ಬಿಡಾರ ಮಾಡಿದ. ಅದೇ ಪರದೇಶವಾಯಿತು. ನಲವತ್ತು ಕಂಬಳಿಯೂ ಅವನ ಹಿಂದೆಯೇ ಬಂದವು, ಹೊರಟ ಸರಕು ಮನೆಯಲ್ಲಿ ಇರಬಾರದಲ್ಲ. ಅವನಿಗೆ ದಡ್ಡಿಯಿಂದ ತನ್ನ ಮನೆಯ ಮಾಳಿಗೆ ಕಾಣುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅದೇ ರೊಟ್ಟಿಯನ್ನು ನೆರೆಮನೆಯ ಬೀರವ್ವ ಸೆರಗಿನಲ್ಲಿ ಕಟ್ಟಿಕೊಂಡು ಬಂದು, "ನಿಮ್ಮ ಮನಿಯಿಂದ ಬಂದೇದ ನೋಡಪಾ. ಎಲ್ಲಾರೂ ಆರಾಮ ಅದಾರಂತ," ಎಂದು ಕೊಟ್ಟುಹೋಗುತ್ತಿದ್ದಳು.

ಒಂದು ದಿನ ಕುಂಭಾರಿಯಿಂದ ಅವನ ತಂಗಿ ಗಂಗುಬಾಯಿ ಬಂದಳು. ಅಣ್ಣ ಹೋಗುವ ಮುಂಚೆ ಒಮ್ಮೆ ಮುಖ ನೋಡಬೇಕೆಂದು ಹೋಳಿಗೆ ಮಾಡಿಕೊಂಡು ಬಂದಿದ್ದಳು. ಜನಾಬಾಯಿ ಪದ್ಧತಿಯಂತೆ, "ಹೋಗ್ಯಾರವ್ವ," ಎಂದಳು. ಹೇಳದೆ ಹೋದನಲ್ಲ ಎಂದು ಗಂಗುಬಾಯಿ ಅತ್ತು ಕರೆದು ಹೋಳಿಗೆ ಸಮೇತ ತಿರುಗಿ ಹೊರಟಳು. ಅಗಸಿಯ ಆಚೆ ದಡ್ಡಿಯಲ್ಲಿ ಅಣ್ಣ ಕುರಿಯ ಕಾಲಿನ ಮುಳ್ಳು ತೆಗೆಯುತ್ತ ಕುಳಿತಿದ್ದ.

"ಯಣ್ಣಾ! ಯಾವಾಗ ಬಂದಿ?"

"ಬಂದಿಲ್ಲವ್ವ ತಂಗಿ. ಹೋಗೀನಿ."

ಗಂಗುಬಾಯಿ ದೆವ್ವ ಕಂಡವಳಂತೆ ಹೋಳಿಗೆ ಗಂಟು ಅಲ್ಲೇ ಬಿಟ್ಟು ಒಂದು ಹರದಾರಿ ಓಡಿದಳು. ಆಮೇಲೆ ಯಾರೋ ಸಮಾಧಾನ ಹೇಳಿ ಕರೆತಂದರು. ಹೋಳಿಗೆ ತಿನ್ನಿಸುತ್ತ ಅವಳು ಬೈದ ಬೈಗುಳ ಇಟಲಿಯ ತನಕ ಮುಟ್ಟುವಂತಿತ್ತು.

ಇಷ್ಟರವರೆಗೆ ಮನೆಯ ಮಾತು ಮನೆಯಲ್ಲೇ ಇತ್ತು. ಡಿಸೆಂಬರಿನಲ್ಲಿ ಹವಾಲ್ದಾರ ಸಿದ್ರಾಮ ಬಂದ. ಪಾಸ್‌ಪೋರ್ಟು ಕೊಡುವ ಮುಂಚೆ ಅರ್ಜಿದಾರ ಎಂಥವನು, ಎಲ್ಲಿದ್ದಾನೆ ಎಂದು ವಿಚಾರಣೆ ಮಾಡಬೇಕಲ್ಲ, ಅದಕ್ಕೆ. ನಾನು ಆ ದಿನ ಬೇರೆ ಊರಿಗೆ ಹೋಗಿದ್ದೆ. ಇದ್ದಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂದು ಈಗ ಹೇಳುವುದು ಸುಲಭ.

"ಹಣಮಂತಪ್ಪ ಅದಾನೇನ್ರಿ?"

"ಇಲ್ರಿ. ಹೋಗ್ಯಾರ್ರಿ," ಎಂದಳು ಜನಾಬಾಯಿ.

"ಎಲ್ಲಿಗಿ?"

"ಇಟಲಿಗ್ರಿ."

ಹವಾಲ್ದಾರ ಕಾಗದವನ್ನು ಮತ್ತೊಮ್ಮೆ ಓದಿದ. "ಪಾಸ್‌ಪೋರ್ಟ ಇಲ್ಲದ ಹ್ಯಾಂಗ ಹೋದ್ರು?"

"ಭಂಡಾರ ಹಚ್ಚಿ ಕಳಿಸೀವ್ರಿ."

ಬೀರವ್ವನನ್ನು ಕೇಳಿದ. ಹೋಗ್ಯಾನ. ಮರೆಪ್ಪನನ್ನು ಕೇಳಿದ. "ಹೋಗ್ಯಾನ್ರಿ. ನಾನ ನಿಂತ ಕಳಿಸೀನಿ. ಬೇಕಂದ್ರ ಆಣಿ ಮಾಡತೀನಿ," ಎಂದ ಮರೆಪ್ಪ. ಮೂವರ ಹೆಬ್ಬೆಟ್ಟೂ ಬಿದ್ದವು. ಸಿದ್ರಾಮ ತನ್ನ ನೌಕರಿಯಲ್ಲಿ ಮೊದಲ ಸಲ ಒಂದು ದೊಡ್ಡ ಅಪರಾಧ ಕಂಡುಹಿಡಿದ ಸಂತೋಷದಲ್ಲಿ ಅಗಸಿ ದಾಟಿ ಸೈಕಲ್ಲು ಹತ್ತಿದ. ಥಂಡಿ ಗಾಳಿ ಮುಖಕ್ಕೆ ಹೊಡೆಯಿತು. ದಡ್ಡಿಯಲ್ಲಿ ಬೆಂಕಿ ಕಂಡು ಅಲ್ಲಿಗೆ ಹೋಗಿ ಕುಳಿತ.

ಹಣಮಂತಪ್ಪ ಚಹಾ ಕೊಟ್ಟ. ಹೆಗಲಿಗೆ ಒಂದು ಕಂಬಳಿ ಹೊದಿಸಿದ. ಸಿದ್ರಾಮ ಅರ್ಧ ತಾಸು ಇಟಲಿಗೆ ಓಡಿಹೋದ ಕಳ್ಳನ ವಿಷಯ ಹೇಳಿ, "ಸಿಕ್ಕಂದ್ರ ಬೇಡಿ ಹಾಕತೀನಿ ನೋಡು," ಎಂದ.

"ಹಾಕ್ರಿ," ಎಂದ ಹಣಮಂತಪ್ಪ. ಹೋದವನು ತಾನು ಯಾರೆಂದು ಹೇಳುವ ಹಾಗಿರಲಿಲ್ಲ.

"ಭಾರೀ ಬೆಚ್ಚಗ ಐತಲ್ಲೋ ಇದು. ಯಾರ ನೇಯ್ದಾರ?"

"ಅಂವನ ರಿ. ಹೋದಾಂವ."

ಸಿದ್ರಾಮ ಕಂಬಳಿಯನ್ನು ಕೊಂಡೇ ಹೋದ. ನಲವತ್ತರಲ್ಲಿ ಒಂದು ಕಡಿಮೆಯಾದದ್ದನ್ನು ಆ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ.

ಸಂಕ್ರಾಂತಿಯ ಮುಂಚೆ ಸೋಲಾಪುರದ ಒಂದು ಕಚೇರಿಯಿಂದ ನೋಟೀಸು ಬಂತು. ಯಾವ ಕಚೇರಿ ಎಂದು ಹೇಳುವುದಿಲ್ಲ, ಅಲ್ಲಿ ನನ್ನ ಇನ್ನೊಂದು ಅರ್ಜಿ ಇನ್ನೂ ಬಿದ್ದಿದೆ. ಅರ್ಜಿದಾರನು ಕಾಗದಪತ್ರವಿಲ್ಲದೆ ದೇಶ ಬಿಟ್ಟಿರುವುದಾಗಿ ತಿಳಿದುಬಂದಿದೆ, ಖುದ್ದಾಗಿ ಬಂದು ಉತ್ತರ ಕೊಡತಕ್ಕದ್ದು ಎಂದಿತ್ತು. ದೇಶ ಬಿಟ್ಟವನು ಖುದ್ದಾಗಿ ಬರುವುದು ಹೇಗೆ ಎಂಬುದನ್ನು ಬರೆದಿರಲಿಲ್ಲ. ನಾವಿಬ್ಬರೂ ಹೊರಟೆವು. ಹಣಮಂತಪ್ಪನ ಹೆಗಲ ಮೇಲೆ ಒಂದು ಕಂಬಳಿ ಇತ್ತು.

ಕಲ್ಲಿನ ಕಟ್ಟಡ, ಬೆಳಗಿನ ಹೊತ್ತು. ಕನ್ನಡಕದ ಕಾರಕೂನರೊಬ್ಬರು ಸೊಂಟ ಹಿಡಿದುಕೊಂಡು ಕುಳಿತಿದ್ದರು. ಕಾಗದ ನೋಡಿ, "ಹಣಮಂತಪ್ಪಾ ಕೋಣ?" ಎಂದು ಮರಾಠಿಯಲ್ಲಿ ಯಾರೆಂದು ಕೇಳಿದರು.

"ನಾನ್ರಿ."

"ತುಮ್ಹೀ ಪರದೇಶಾತ ಆಹಾತ."

"ಇಲ್ರಿ ಸಾಹೇಬ್ರ. ಪರದೇಶದಾಗ ಇಲ್ರಿ. ನಿಮ್ಮ ಮುಂದ ಅದೀನ್ರಿ."

ಕಾರಕೂನರು ಅವನನ್ನು ನೋಡಿದರು, ಕಾಗದವನ್ನು ನೋಡಿದರು, ಎರಡರಲ್ಲಿ ಕಾಗದವನ್ನು ನಂಬಿದರು. ಕನ್ನಡಕ್ಕೆ ಇಳಿದು ತಾಳ್ಮೆಯಿಂದ ತಿಳಿಸಿದರು: "ಹೇ ಬಘಾ, ಮುಂದ ಇರೂದು ಬ್ಯಾರೆ, ದಫ್ತರದಾಗ ಇರೂದು ಬ್ಯಾರೆ. ದಫ್ತರದಾಗ ನೀವು ಇಟಲ್ಯಾಗ ಅದೀರಿ. ಮೂರ ಸಾಕ್ಷಿ ಅದಾವ."

"ಹಂಗಾರ ಪಾಸ್‌ಪೋರ್ಟ ಹ್ಯಾಂಗ ಸಿಗತದ್ರಿ?" ಎಂದು ನಾನು ಕೇಳಿದೆ.

"ಇಟಲ್ಯಾಗ ಇದ್ದಾವರು ಅಲ್ಲಿರೂ ನಮ್ಮ ದೇಶದ ಕಚೇರಿಗೆ ಅರ್ಜ ಕೊಡಬೇಕು."

"ಅಲ್ಲಿಗಿ ಹ್ಯಾಂಗ ಹೋಗೂದ್ರಿ?"

"ಪಾಸ್‌ಪೋರ್ಟ ತಗೊಂಡ."

ಕೊನೆಗೆ ಕಾರಕೂನರೇ ಒಂದು ದಾರಿ ಹೇಳಿದರು. "ನಾನು ಎಲ್ಲಿಗೂ ಹೋಗಿಲ್ಲ" ಎಂದು ಬರೆದು ಹೆಬ್ಬೆಟ್ಟು ಒತ್ತಿದರೆ ಸಾಕು. ನಾನು ತಡಮಾಡದೆ ದುಂಡಗೆ ಬರೆದೆ. ಹಣಮಂತಪ್ಪ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡ, ಕಾಗದದ ತನಕ ತಂದ, ಹಿಂದಕ್ಕೆ ತೆಗೆದ.

"ಮಾಸ್ತರ್ರ, ಒತ್ತಿದ್ರ ದೇವರ ಮುಂದ ಸುಳ್ಳಾಗತೀನಿ."

"ಒತ್ತಲಿಲ್ಲಂದ್ರ ಸರಕಾರದ ಮುಂದ ಕಳ್ಳ ಆಗತೀಯೋ!"

ಅವನು ಶಾಯಿ ಹತ್ತಿದ ಹೆಬ್ಬೆಟ್ಟನ್ನು ರುಮಾಲಿಗೆ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಹಿಂಗ ಬರೀರಿ. ಹೋಗೀನಿ, ಆದ್ರ ಇನ್ನಾ ಮುಟ್ಟಿಲ್ಲ."

ಕಾರಕೂನರು ಲೇಖನಿ ಕೆಳಗಿಟ್ಟರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ಖರೆ ಮಾತು ಯಾವ ಅರ್ಜಿದಾರನೂ ಹೇಳಿರಲಿಲ್ಲ ಎಂಬಂತೆ ಅವನನ್ನು ನೋಡಿ ಹಾಗೆಯೇ ಬರೆದುಕೊಂಡರು. "ಅರ್ಜಿದಾರ ಹೊರಟಿದ್ದಾನೆ, ತಲುಪಿಲ್ಲ, ವಿಚಾರಣೆ ಮುಂದುವರಿಸುವುದು." ಏಳಲು ಹೋಗಿ ಸೊಂಟ ಹಿಡಿದುಕೊಂಡು "ಆಯಿಗ" ಎಂದರು. ಹಣಮಂತಪ್ಪ ತಡೆಯಲಿಲ್ಲ. ಹೆಗಲ ಮೇಲಿನ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅವರ ಕುರ್ಚಿಯ ಮೇಲೆ ಹಾಕಿ, "ಕುಂದರ್ರಿ ಸಾಹೇಬ್ರ," ಎಂದ.

ಅವರು ಕುಳಿತರು. ಮುಖದ ಗೆರೆಗಳು ಒಂದೊಂದಾಗಿ ಸಡಿಲವಾದವು. "ಹೇ ಕಾಯ ಆಹೇ?"

"ಇಟಲಿಗಿ ಹೊಂಟ ಘೊಂಗಡಿ ರಿ, ಕಂಬಳಿ."

ಅಂದು ಕಂಬಳಿ ನಮ್ಮೊಂದಿಗೆ ತಿರುಗಿ ಬರಲಿಲ್ಲ. ಎಂಟು ದಿನಕ್ಕೆ ಅದೇ ಕಚೇರಿಯ ಮೂವರು ಕಾರಕೂನರು ಸೊಂಟ ಹಿಡಿದುಕೊಂಡು ದಡ್ಡಿಗೆ ಬಂದರು. ಆದಿತ್ಯವಾರ ಹೋಟಗಿ ಜಂಕ್ಷನ್ನಿನ ರೇಲ್ವೆ ಗ್ಯಾಂಗಿನವರು ಬಂದು ಆರು ಒಯ್ದರು. ಸುದ್ದಿ ಹಬ್ಬಿತು. ಅದೇ ಕಂಬಳಿ, ಅದೇ ಕುರಿ, ಅದೇ ಹುಣಸೆಬೀಜದ ಗಂಜಿ. ದೀಪಾವಳಿಯ ತನಕ ಮೂಸಿ ನೋಡದವರು ಇಟಲಿ ಎಂಬ ಹೆಸರು ಕೇಳಿದ ಕೂಡಲೇ ಬೆನ್ನು ಹತ್ತಿದರು. ಹಣಮಂತಪ್ಪ ಸುಳ್ಳು ಹೇಳುವವನಲ್ಲ. ಅಕ್ಕಲಕೋಟೆಯ ನೀಲಾಬಾಯಿ ಎಂಬ ಗೌಡತಿ ಬಂದಾಗ ತಿಳಿಸಿ ಹೇಳಿದ:

"ಯವ್ವಾ, ಇದು ನಮ್ಮ ಕುರನೂರಿಂದ ರಿ. ಇಲ್ಲೇ ನೇಯ್ದಿದ್ದು."

"ಅದು ಬ್ಯಾಡೋ. ಅಂಥಾವು ನಮ್ಮ ಮನ್ಯಾಗ ಭಾಳ ಬಿದ್ದಾವ. ಇಟಲೀದ ಕೊಡು."

ಹಣಮಂತಪ್ಪ ಅದೇ ಅಟ್ಟಿಯಿಂದ ಇನ್ನೊಂದನ್ನು ತೆಗೆದುಕೊಟ್ಟ. ಗೌಡತಿ ಸವರಿ ನೋಡಿ, "ನೋಡು, ಎಷ್ಟ ಫರಕ ಐತಿ!" ಎಂದು ಒಯ್ದಳು.

ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಸಣ್ಣ ಮುಖ ಮಾಡಿಕೊಂಡು ಬಂದವನು ಅಳಿಯ ಖಂಡಪ್ಪ. ದಡ್ಡಿಯ ಬೇಲಿಯ ಹೊರಗೆ ನಿಂತು ಕಾಲಿನಿಂದ ಮಣ್ಣು ಕೆದರಿದ.

"ಮಾವಾ... ಗಿರಣ್ಯಾಗ ನಮ್ಮ ದೋಸ್ತರು ಕೇಳಾಕತ್ತಾರ. ನಿನ್ನ ಮಾವನ ಇಟಲಿ ಕಂಬಳಿ ತಗೊಂಡ ಬಾ ಅಂತಾರ."

"ಚಾದರ ನೇಯೂ ಮಂದಿಗೆ ಕಂಬಳಿ ಯಾಕ?"

"ಚಾದರ ನೇಯಾಕ ರಿ. ಹೊದಕೊಳ್ಳಾಕ ಕಂಬಳಿ ಬೇಕಂತ."

ಹಣಮಂತಪ್ಪ ಕುರಿಯ ಕಡೆ ತಿರುಗಿ ನಕ್ಕ. ಅಳಿಯ ಉಳಿದದ್ದನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡು ಹೋದ. ಶಿವರಾತ್ರಿಗೆ ಇನ್ನೂ ಮೂರು ವಾರವಿತ್ತು. ಅಟ್ಟಿ ಕರಗಿತ್ತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಹೊಸ ಬೇಡಿಕೆ ಬಂತು. ಗಿರಣಿಯವರಿಗೆ ಇನ್ನೂ ಹತ್ತು, ಗ್ಯಾಂಗಿನವರಿಗೆ ಎಂಟು. ಉಣ್ಣೆ ಇತ್ತು, ನೂಲು ಇತ್ತು, ಗಿರಾಕಿಗಳು ಬೇಲಿಯ ಹೊರಗೆ ನಿಂತಿದ್ದರು. ಮಗ್ಗ ಮನೆಯೊಳಗಿತ್ತು. ನೇಯುವವನು ಇಟಲಿಯಲ್ಲಿದ್ದ. ಕಿತ್ತು ಹೊರಗೆ ತರಲು ಅದೇನು ಮಂಚವೇ? ಮೂರು ತಲೆಮಾರು ಕಾಲಿಟ್ಟ ಕುಣಿಯನ್ನು ಯಾರೂ ಹೊತ್ತು ತರಲಾರರು.

ಅದೇ ಹೊತ್ತಿಗೆ ಸಾತಲಿಂಗಪ್ಪನ ಚೀಟಿ ಬಂತು: ಹಡಗು ಯಾವಾಗಲೋ ಹೋಯಿತು, ಆಟವೂ ಮುಗಿದುಹೋಯಿತು. ಆ ವರ್ಷ ಅಲ್ಲಿ ಬರ್ಫ ಸಾಲದೆ ಸಿಪಾಯಿಗಳು ಲಾರಿಯಲ್ಲಿ ಹೇರಿಕೊಂಡು ತಂದರಂತೆ ಎಂದು ಪತ್ರಿಕೆಯಲ್ಲಿ ಓದಿ ಹೇಳಿದೆ. ಜನಾಬಾಯಿ ಮೂಗಿನ ಮೇಲೆ ಬೆರಳಿಟ್ಟಳು. "ಬರ್ಫ ತರಸಾಕ ಬರತದ, ನಮ್ಮ ಕಂಬಳಿ ತರಸಾಕ ಬರಲಿಲ್ಲೇನು ಅವರಿಗಿ?"

ಇನ್ನು ಇಟಲಿಗೆ ಹೋಗಲು ಕಾರಣವೇ ಉಳಿಯಲಿಲ್ಲ. ಹೋಗದೆ ಮನೆಗೆ ಬರುವಂತಿರಲಿಲ್ಲ. ಆ ಸಂಜೆ ನಾನು ದಡ್ಡಿಗೆ ಹೋದಾಗ ಹಣಮಂತಪ್ಪ ಮಾಳಿಗೆಯ ಕಡೆ ನೋಡುತ್ತ ಕುಳಿತಿದ್ದ. "ಮಾಸ್ತರ್ರ, ಮೂರ ತಿಂಗಳಾತು ಮಗ್ಗದ ಸಪ್ಪಳ ಕೇಳಿ. ಕಂಬಳಿ ಹೋಗಲಿಲ್ಲಂದ್ರ ಕುಣಿ ಹೋಗತದಂತ ಅಂಜಿದ್ನಿ. ಈಗ ಕಂಬಳಿ ಹೋದ್ವು, ಕುಣಿ ಐತಿ, ನಾನ ಇಲ್ಲ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಅಲ್ಲಿಯ ತನಕ ನಗುತ್ತಿದ್ದ ನಾನೂ ಅವನ ಪಕ್ಕದಲ್ಲಿ ಕುಳಿತು ಆ ಮಾಳಿಗೆಯ ಕಡೆಗೇ ನೋಡಿದೆ.

ಮರುದಿನ ಜನಾಬಾಯಿ ಮರೆಪ್ಪನನ್ನು ಗುಡಿಯ ಕಟ್ಟೆಯ ಮೇಲೆ ಹಿಡಿದಳು. ಓಣಿಯೆಲ್ಲ ಕೂಡಿತು. ಹಣಮಂತಪ್ಪ ಅಗಸಿಯ ಆಚೆ ನಿಂತು ಕಿವಿಗೊಟ್ಟ.

"ಮಾವಾ, ಭಂಡಾರ ಹಚ್ಚೂ ಮುಂದ ದೇವರಿಗೆ ಏನಂತ ಹೇಳಿದ್ರಿ?"

"ಹೇಳೂದೇನು? ಇಟಲಿಗಿ ಹೋಗಿ..." ಮರೆಪ್ಪ ನಿಲ್ಲಿಸಿದ. ಎಂಬತ್ತು ವರ್ಷದ ಬಾಯಿಗೆ ಆ ದಿನ ಗುಡಿಯ ಮುಂದೆ ದೇಶದ ಹೆಸರು ಬಂದಿರಲಿಲ್ಲ, ಅವನು ಆಡಿದ್ದನ್ನು ನಾವೆಲ್ಲ ಕೇಳಿದ್ದೆವು.

"ಇಟಲಿ ಅಂದಿಲ್ಲ ನೀವು. ಕಂಬಳಿ ಮಾರಿಕೊಂಡ ಬಾ ಮಗನ ಅಂದ್ರಿ. ಬೀರವ್ವ, ಹೌದಿಲ್ಲೋ?"

"ಹೌದವ್ವ. ಹಂಗ ಅಂದಾರ."

"ಮಾಸ್ತರ್ರ?"

"ಅಕ್ಷರಶಃ ಹಾಗೇ ಅಂದಾರ," ಎಂದೆ ನಾನು. ಖಂಡಪ್ಪ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ.

"ಕಂಬಳಿ ಮಾರಿದ್ವೋ ಇಲ್ಲೋ?" ಎಂದಳು ಜನಾಬಾಯಿ. "ಒಂದರೆ ಉಳದೇದೇನು? ಮಂದಿ ದೇಶ ದೇಶದಿಂದ ಬಂದ ಒಯ್ದಾರ. ದೇವರ ತನ್ನ ಕೆಲಸ ಮಾಡ್ಯಾನ. ಈಗ ಬಾಗಿಲಾ ಕಟ್ಟಿದಾಂವ ಯಾರು, ದೇವರೋ ನೀವೋ?"

ಮರೆಪ್ಪ ಗುಡಿಯೊಳಗೆ ನೋಡಿದ. ದೇವರು ಅಡ್ಡಿ ಹೇಳಲಿಲ್ಲ. ಮುದುಕ ಎದ್ದು ಕೋಲು ಊರಿಕೊಂಡು ಅಗಸಿಯ ತನಕ ನಡೆದು, ಆಚೆಗಿದ್ದವನನ್ನು ನೋಡಿ ಗದರಿದ:

"ಏನ ನಿಂತೀಯೋ ಅಲ್ಲೇ? ಕೆಲಸಾ ಮುಗದ ಮ್ಯಾಲ ಮನಿಗಿ ಬರಬೇಕನ್ನೂ ಬುದ್ಧಿ ಬ್ಯಾಡೇನು? ಬಾ ಒಳಗ. ಮೊದಲ ನನಗೊಂದ ಕಂಬಳಿ ನೇಯು. ಥಂಡಿ ಹತ್ತಾಕತ್ತೇದ."

ಜನಾಬಾಯಿ ಆರತಿ ತಟ್ಟೆ ತರುವಷ್ಟರಲ್ಲಿ ಹಣಮಂತಪ್ಪ ಹೊಸ್ತಿಲು ದಾಟಿಬಿಟ್ಟಿದ್ದ. ನೀರು ಕುಡಿಯಲಿಲ್ಲ, ರುಮಾಲು ಬಿಚ್ಚಲಿಲ್ಲ, ನೆಟ್ಟಗೆ ಹೋಗಿ ಕುಣಿಯಲ್ಲಿ ಕಾಲು ಇಳಿಬಿಟ್ಟ. ಅವಳು ಅಲ್ಲಿಯೇ ಬಗ್ಗಿ ಆರತಿ ಬೆಳಗಿದಳು. ಮಗ್ಗ ಒಮ್ಮೆ ಕೀರೆಂದಿತು, ಆಮೇಲೆ ಸರಾಗವಾಗಿ ನಡೆಯಿತು. ಓಣಿಯ ಜನ ಬಾಗಿಲಲ್ಲಿ ನಿಂತು ಆ ಸಪ್ಪಳ ಕೇಳಿದರು.

ಮೂರನೇ ದಿನ ಹವಾಲ್ದಾರ ಸಿದ್ರಾಮ ಸೈಕಲ್ಲು ಹೊಡೆದುಕೊಂಡು ಬಂದ. ಹೆಗಲ ಮೇಲೆ ಅದೇ ಕಂಬಳಿ, ಕೈಯಲ್ಲಿ ಸರಕಾರದ ಲಕೋಟೆ. ಸೊಂಟ ನೋವಿನ ಕಾರಕೂನರು ತಾವೇ ಮುಂದೆ ನಿಂತು ಮಂಜೂರು ಮಾಡಿಸಿದ್ದರಂತೆ. ಒಳಗೆ ಕಾಲಿಟ್ಟವನು ಕುಣಿಯಲ್ಲಿದ್ದವನನ್ನು ಕಂಡು ಕಣ್ಣರಳಿಸಿದ.

"ಏ, ನೀ ದಡ್ಡ್ಯಾಗಿನ ಕುರುಬ ಅಲ್ಲೇನು? ನೀನ ಹಣಮಂತಪ್ಪ?"

"ಹೌದ್ರಿ."

ಸಿದ್ರಾಮನಿಗೆ ಬೇಡಿಯ ಮಾತು ನೆನಪಾಯಿತೋ ಏನೋ, ಹೆಗಲ ಮೇಲಿನ ಕಂಬಳಿಯನ್ನು ಸರಿಮಾಡಿಕೊಂಡ. "ಇರಲಿ. ತಗೋ, ನಿನ್ನ ಪಾಸ್‌ಪೋರ್ಟ ಬಂದೇದ. ಇನ್ನ ಇಟಲಿಗಿ ಆರಾಮ ಹೋಗು."

ಹಣಮಂತಪ್ಪ ತಲೆ ಎತ್ತಿ ನೋಡಿದ. ಕಾಲು ಮಾತ್ರ ನಿಲ್ಲಲಿಲ್ಲ.

"ಹವಾಲ್ದಾರ ಸಾಹೇಬ್ರ, ನಾ ಈಗಷ್ಟ ಬಂದೀನ್ರಿ."

ಸಿದ್ರಾಮ ನನ್ನ ಕಡೆ ನೋಡಿದ, ನಾನು ಮಾಳಿಗೆ ನೋಡಿದೆ. ಅವನು ಕಟ್ಟೆಯ ಮೇಲೆ ಕುಳಿತು, ಜನಾಬಾಯಿ ಕೊಟ್ಟ ಚಹಾ ಕುಡಿದು, ಶಾಯಿ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ವರದಿ ಬರೆದ. ಅದನ್ನು ನಾನೇ ಓದಿದ್ದೇನೆ. "ಅರ್ಜಿದಾರನು ಪರದೇಶದಿಂದ ಸುಖರೂಪ ಮರಳಿ ಬಂದಿದ್ದಾನೆ. ಸದ್ಯ ಮಗ್ಗದಲ್ಲಿದ್ದಾನೆ. ಮತ್ತೆ ಹೋಗಲು ಪುರಸೊತ್ತಿಲ್ಲ ಎಂದು ಹೇಳುತ್ತಾನೆ."